ಪಟ್ಟಲಮ್ಮನ ಹೆಸರಿದ್ದ ಅರ್ಜಿ

ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯ ಕಾಂಪೌಂಡಿಗೆ ಒರಗಿಕೊಂಡಂತೆ ಹೊಂಗೆಮರವೊಂದಿತ್ತು. ಅದರ ಕೆಳಗೆ ಒಂದು ಕಾಲಿಗೆ ಇಟ್ಟಿಗೆ ಚೂರು ಕೊಟ್ಟ ಮೇಜು, ಮೇಜಿನ ಮೇಲೆ ಹಳೇ ಟೈಪು ಮಿಷನ್ನು, ಮಿಷನ್ನಿನ ಹಿಂದೆ ಹಣೆ ತುಂಬ ನಾಮ ಇಟ್ಟುಕೊಂಡು ಕೂತ ವರದರಾಜ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕಟ್ಟಿ ಎರಡು ಸಲವೂ ಫೇಲಾದವನು. ಫೇಲಾಗಿದ್ದು ಲೆಕ್ಕದಲ್ಲಿ, ಇಂಗ್ಲಿಷಿನಲ್ಲಲ್ಲ. ಇದನ್ನು ಯಾರೂ ಕೇಳದಿದ್ದರೂ ಅವನೇ ಹೇಳಿಕೊಳ್ಳುತ್ತಿದ್ದ. ಹಳ್ಳಿಗಳಿಂದ ಬಂದವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಟೈಪು ಮಾಡಿಕೊಡುವುದು ಅವನ ಕಸುಬು.

ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು ಅಂತ ಸರ್ಕಾರ ಆಗಲೇ ಹೇಳಿತ್ತು. ಕೇಳುವವರು ಯಾರು? ಕನ್ನಡದ ಅರ್ಜಿಯನ್ನು ಗುಮಾಸ್ತ ಓದುತ್ತಾನೆ, ಇಂಗ್ಲಿಷ್ ಅರ್ಜಿಯನ್ನು ಸಾಹೇಬರು ಓದುತ್ತಾರೆ ಅಂತ ಹಳ್ಳಿಯವರ ತಲೆಯಲ್ಲಿ ಯಾರೋ ಮೊಳೆ ಹೊಡೆದು ಕೂರಿಸಿದ್ದರು. ತನಗೆ ಒಂದಕ್ಷರ ತಿಳಿಯದ ಭಾಷೆಯಲ್ಲಿ ತನ್ನ ಹೊಟ್ಟೆನೋವು ಬರೆಸಿ, ಕೆಳಗೆ ಹೆಬ್ಬೆಟ್ಟು ಒತ್ತಿ, ಅದನ್ನು ದೇವಸ್ಥಾನದ ಪ್ರಸಾದದ ಹಾಗೆ ಎರಡು ಕೈಯಲ್ಲೂ ಹಿಡಿದುಕೊಂಡು ಹೋಗುವುದು. ನೋಡಿದರೆ ಮೈ ಉರಿಯುತ್ತದೆ. ಆದರೆ ವರದರಾಜನ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದೂ ಅದರಿಂದಲೇ.

ಬಂದವರು ಯಾರೂ ತಮ್ಮ ಕಷ್ಟವನ್ನು ನೆಟ್ಟಗೆ ಹೇಳುತ್ತಿರಲಿಲ್ಲ. ಎಲ್ಲರ ಕಷ್ಟಕ್ಕೂ ಒಂದೇ ಅಳತೆ, ಪಕ್ಕದ ಮನೆಯವನು.

‘ನಿಂಗಯ್ಯಂಗೆ ಬಾವಿ ಸಾಲ ಕೊಟ್ಟವ್ರೆ ಸ್ವಾಮಿ. ಅವ್ನ್ಗಿಂತ ನಾನೇನ್ ಕಮ್ಮಿ?’

‘ನಿಂಗಯ್ಯನ ವಿಷಯ ಬಿಡಯ್ಯ. ನಿಂಗೆ ಎಷ್ಟು ಜಮೀನಿದೆ, ಹೇಳು.’

‘ನಿಂಗಯ್ಯಂದ್ರಲ್ಲಿ ಅರ್ದ ಅದೆ.’

‘ನಿಂಗಯ್ಯಂಗೆ ಎಷ್ಟಿದೆ?’

‘ಅದು ನಂಗೇನ್ ಗೊತ್ತು? ಅವುನ್ನೇ ಕೇಳ್ಕಳಿ.’

ಈ ‘ಅವನಿಗಿಂತ’ ಅನ್ನುವುದನ್ನು ಇಂಗ್ಲಿಷಿಗೆ ದಾಟಿಸುವುದೊಂದು ವರದರಾಜನ ಕೈಲಿ ಆಗದ ಕೆಲಸ. ಮಿಕ್ಕಿದ್ದೆಲ್ಲ ಬೆರಳಿಗೆ ಅಭ್ಯಾಸವಾಗಿತ್ತು. ಘನತೆವೆತ್ತ ಸಾಹೇಬರೂ, ಕಡುಬಡವನಾದ ನಾನೂ, ದಯೆಯಿಟ್ಟು ಪರಾಂಬರಿಸುವುದೂ ತಾವಾಗಿಯೇ ಬಂದು ಕೂರುತ್ತಿದ್ದವು. ಹೋಲಿಕೆ ಬಂತೋ, ವಾಕ್ಯದ ಅರ್ಧ ದಾಟುವಷ್ಟರಲ್ಲಿ ಎಲ್ಲೋ ಒಂದು ಕೀಲು ಕಳಚಿಕೊಳ್ಳುತ್ತಿತ್ತು.

ಅರವತ್ತೊಂದನೇ ಇಸವಿಯಲ್ಲಿ ಒಮ್ಮೆ ಹಾಗಾಗಿ ಮಾನ ಹೋಗಿತ್ತು. ದೊಡ್ಡಸಿದ್ದಯ್ಯ ಅನ್ನುವ ರೈತ ಹೊಸ ಎತ್ತಿಗೆ ಸಾಲ ಕೇಳಲು ಬಂದಿದ್ದ. ಜವರಯ್ಯನ ಎತ್ತಿಗಿಂತ ತನ್ನ ಎತ್ತು ಬಡಕಲು ಅಂತ ಅವನ ವಾದ. ವರದರಾಜ ಅದನ್ನು ಇಂಗ್ಲಿಷಿನಲ್ಲಿ ‘ನನ್ನ ಎತ್ತು ಜವರಯ್ಯನಿಗಿಂತ ಬಡಕಲು’ ಅಂತ ಮಾಡಿಟ್ಟ. ಸಾಹೇಬರು ಕಚೇರಿಯ ಜಗಲಿಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಓದಿದರು. ‘ಯಾರಯ್ಯ ಈ ಜವರಯ್ಯ? ಎತ್ತಿಗಿಂತ ದಷ್ಟಪುಷ್ಟವಾಗಿದಾನಂತೆ. ಕರೀರಿ, ನೊಗ ಹೂಡೋಣ.’ ಗ್ರಹಚಾರಕ್ಕೆ ಜವರಯ್ಯ ಬೇರೇನೋ ಕೆಲಸಕ್ಕೆ ಬಂದು ಅದೇ ಜಗಲಿಯಲ್ಲಿ ನಿಂತಿದ್ದ. ಕಚೇರಿಯೆಲ್ಲ ನಕ್ಕಿತು. ಜವರಯ್ಯ ಮರದ ಕೆಳಗೆ ಬಂದು ಮೇಜಿನ ಮೇಲೆ ಕೈಯೂರಿದ.

‘ಏನ್ ಐನೋರೆ, ಮೂಗುದಾರ ನೀವೇ ತಂದಿದ್ದೀರಾ, ಇಲ್ಲಾ ನಾನೇ ತಕ್ಕಬರ್ಲಾ?’

ಅವತ್ತಿಂದ ವರದರಾಜನದು ಒಂದೇ ಕಟ್ಟುನಿಟ್ಟು. ಅರ್ಜಿಯಲ್ಲಿ ಹೋಲಿಕೆ ಇಲ್ಲ. ಅರ್ಜಿ ಕೊಡುವವನ ಹೆಸರು ಬಿಟ್ಟರೆ ಬೇರೆ ನರಪಿಳ್ಳೆಯ ಹೆಸರಿಲ್ಲ.

ಆದರೆ ಟೈಪು ಮಾಡಿದ ಮೇಲೆ ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳುವುದೊಂದು ಪದ್ಧತಿ. ಪಕ್ಕದ ಮನೆಯವನ ಹೆಸರು ಕಿವಿಗೆ ಬೀಳದೆ ಯಾರೂ ಹೆಬ್ಬೆಟ್ಟಿಗೆ ಮಸಿ ಮೆತ್ತಿಕೊಳ್ಳುತ್ತಿರಲಿಲ್ಲ. ಅದಕ್ಕೆ ವರದರಾಜ ಒಂದು ದಾರಿ ಕಂಡುಕೊಂಡಿದ್ದ. ಕಾಗದದಲ್ಲಿ ಇಲ್ಲದ್ದನ್ನು ಬಾಯಲ್ಲಿ ಸೇರಿಸಿಬಿಡುತ್ತಿದ್ದ. ‘ನಿಂಗಯ್ಯನಿಗೆ ಸಾಲ ಮಂಜೂರಾಗಿದ್ದು, ಆತನಿಗಿಂತ ಎಲ್ಲ ವಿಧದಲ್ಲೂ ಬಡವನಾದ ನನಗೆ’ ಅಂತ ರಾಗವಾಗಿ ಓದಿದರೆ ಬಂದವನ ಮುಖ ಅರಳುತ್ತಿತ್ತು. ‘ಅಂಗ್ ಬನ್ನಿ ದಾರಿಗೆ’ ಅಂತ ಹೆಬ್ಬೆಟ್ಟು ಒತ್ತುತ್ತಿದ್ದ. ಹೀಗೇ ಹದಿನಾಲ್ಕು ವರ್ಷ. ಸುಳ್ಳು ಅಂತ ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

‘ಮದುವೆ ಮಂತ್ರ ಯಾರಿಗೆ ಅರ್ಥವಾಗುತ್ತೆ? ಹಾಗಂತ ತಾಳಿ ಕಟ್ಟಿದ್ದು ಸುಳ್ಳಾ?’ ಅಂತ ಹೆಂಡತಿ ಆಂಡಾಳನ್ನೇ ಕೇಳುತ್ತಿದ್ದ.

‘ಮಂತ್ರದ ವಿಷಯ ನಂಗೊತ್ತಿಲ್ಲಪ್ಪ. ನಮ್ಮ ಅಕ್ಕನ ಯಜಮಾನರೂ ನಿಮ್ಮ ಜೊತೇಲೇ ಓದಿದ್ದು. ಅವರಿಗೆ ಇವತ್ತು...’

‘ಅವರ ಸುದ್ದಿ ಎತ್ತಬೇಡ!’ ಅಂತ ಅವನು ಗುಡುಗುತ್ತಿದ್ದ. ಮರದ ಕೆಳಗೂ ಅದೇ ರಗಳೆ, ಮನೆಯಲ್ಲೂ ಅದೇ.

ಎಪ್ಪತ್ತೈದನೇ ಇಸವಿ ಆಗಸ್ಟಿನಲ್ಲಿ ಮರಿತಾಯಮ್ಮ ಬಂದಳು. ಪೂರಿಗಾಲಿಯಲ್ಲಿ ಬಸ್ಸಿಳಿದು ಒಂದೂವರೆ ಮೈಲಿ ನಡೆದರೆ ಅವಳ ಊರು. ಐವತ್ತರ ಹೆಂಗಸು. ಗಂಡ ಸತ್ತು ಒಂಬತ್ತು ವರ್ಷ, ಮಕ್ಕಳಿಲ್ಲ, ಕಂಡವರ ಗದ್ದೆಯಲ್ಲಿ ಕಳೆ ಕೀಳುವ ಕೂಲಿ. ಇದ್ದದ್ದು ಅರ್ಧ ಗುಡಿಸಲು. ಇನ್ನರ್ಧದಲ್ಲಿ ಅವಳ ವಾರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ, ಪಟ್ಟಲಮ್ಮ. ಅವಳಿಗೂ ಗಂಡನಿಲ್ಲ, ಒಬ್ಬ ಮಗನಿದ್ದಾನೆ. ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಗುಡಿಸಲು ನಿಂತ ನೆಲ ಊರಿನ ಗೌಡರದು. ಬರುವ ಯುಗಾದಿಯೊಳಗೆ ಖಾಲಿ ಮಾಡಿ, ಅಲ್ಲಿ ಆಲೆಮನೆ ಹಾಕುತ್ತೇನೆ ಅಂತ ಅವರು ಹೇಳಿಯಾಗಿತ್ತು.

ಅದೇ ಹೊತ್ತಿಗೆ ಸರ್ಕಾರ ಮನೆಯಿಲ್ಲದವರಿಗೆ ಬಿಟ್ಟಿಯಾಗಿ ಸೈಟು ಹಂಚುತ್ತಿತ್ತು. ಊರಾಚೆಯ ಗೋಮಾಳದಲ್ಲಿ ಹನ್ನೆರಡು ಸೈಟಿಗೆ ಕಲ್ಲು ನೆಟ್ಟರು. ಪಟ್ಟಿ ಮಾಡಲು ಬಂದವನು ಒಂದೇ ಸೂರು ನೋಡಿ ಒಂದೇ ಹೆಸರು ಬರೆದುಕೊಂಡು ಹೋಗಿದ್ದ. ಆ ಗಳಿಗೆಯಲ್ಲಿ ಬಾಗಿಲಲ್ಲಿ ನಿಂತಿದ್ದವಳು ಪಟ್ಟಲಮ್ಮ. ಮರಿತಾಯಮ್ಮ ಕಳೆ ಕೀಳಲು ಹೋಗಿದ್ದಳು. ಏಳನೇ ನಂಬರಿನ ಸೈಟು ಪಟ್ಟಲಮ್ಮನದಾಯಿತು. ಮರಿತಾಯಮ್ಮನಿಗೆ ಏನೂ ಇಲ್ಲ. ಯುಗಾದಿ ಆದಮೇಲೆ ಎಲ್ಲಿ ಮಲಗುವುದು ಅನ್ನುವುದು ಅವಳಿಗೆ ಗೊತ್ತಿರಲಿಲ್ಲ.

‘ಬರ್ಕಳಿ ಬುದ್ಧಿ. ಪಟ್ಟಲಮ್ಮಂಗಿಂತ ನಾನು ಬಡವಿ ಅಂತ.’

‘ಪಟ್ಟಲಮ್ಮ ಯಾರಮ್ಮ?’

‘ನನ್ ವಾರಗಿತ್ತಿ. ಒಳ್ಳೇವ್ಳೇ ಕಣ್ ಬುದ್ಧಿ, ಕೆಟ್ಟವ್ಳು ಅಂತ ಏಳಕಿಲ್ಲ. ಆದ್ರೆ ಅವ್ಳ್ಗೆ ಒಬ್ಬ ಮಗ ಅವ್ನೆ, ಎರಡ್ ಮೇಕೆ ಅವೆ. ನಂಗೇನದೆ?’

‘ನಿನಗೇನೂ ಇಲ್ಲ ಅಂತಲೇ ಬರೀತೀನಿ.’

‘ಬರೀ ಏನೂ ಇಲ್ಲ ಅಂದ್ರೆ ಯಾರ್ ನಂಬ್ತಾರೆ? ಎಲ್ರೂ ಅಂಗೇ ಅಂತಾರೆ. ಅವ್ಳ ಪಕ್ಕ ನನ್ನ ನಿಲ್ಸಿ ತೋರ್ಸಿ. ಆಗ ತಿಳೀತದೆ.’

ವರದರಾಜ ತಲೆಯಾಡಿಸಿದ. ಟೈಪು ಮಾಡಿದ್ದು ಎಂದಿನ ಹಾಗೇ, ಗಂಡನಿಲ್ಲ, ಮಕ್ಕಳಿಲ್ಲ, ನೆಲವಿಲ್ಲ, ಸೈಟು ದಯಪಾಲಿಸಬೇಕು. ಓದಿ ಹೇಳುವಾಗ ಮಾತ್ರ ಪಟ್ಟಲಮ್ಮನನ್ನೂ ಅವಳ ಎರಡು ಮೇಕೆಯನ್ನೂ ಸೇರಿಸಿದ. ಮರಿತಾಯಮ್ಮ ಕಣ್ಣು ಮುಚ್ಚಿಕೊಂಡು ಕೇಳಿ, ಹೆಬ್ಬೆಟ್ಟು ಒತ್ತಿ, ಕಾರ್ಬನ್ ಕಾಪಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಎಮರ್ಜೆನ್ಸಿ ಬಂದು ಎರಡು ತಿಂಗಳಾಗಿತ್ತು. ಹತ್ತೂವರೆಗೆಲ್ಲ ಕಚೇರಿಯ ಕುರ್ಚಿಗಳು ತುಂಬುತ್ತಿದ್ದವು, ಕಾಗದಗಳು ಓಡಾಡುತ್ತಿದ್ದವು. ಮೂರೇ ವಾರಕ್ಕೆ ಜವಾಬು ಬಂತು. ಸೈಟುಗಳು ಮುಗಿದಿವೆ, ಮುಂದಿನ ಹಂಚಿಕೆಯಲ್ಲಿ ನೋಡಲಾಗುವುದು. ಮರಿತಾಯಮ್ಮ ಆ ಜವಾಬನ್ನೂ ಕಾರ್ಬನ್ ಕಾಪಿಯನ್ನೂ ಹಿಡಿದುಕೊಂಡು ನೇರ ಸ್ಕೂಲಿಗೆ ಹೋಗಿ ಅಲ್ಲಿಯ ಟೀಚರು ಚೂಡಾಮಣಿಯವರ ಕೈಗೆ ಕೊಟ್ಟು ಓದಿಸಿದಳು. ಮಾರನೇ ದಿನ ಹತ್ತು ಗಂಟೆಗೆ ಹೊಂಗೆಮರದ ಕೆಳಗೆ ಬಂದು ನಿಂತಳು. ಅವಳಿಗಿಂತ ಮೊದಲೇ ನಾಲ್ಕೈದು ಜನ ಬಂದು ಕಾದಿದ್ದರು.

‘ಏನ್ ಐನೋರೆ, ಪಟ್ಟಲಮ್ಮನ ಎಸ್ರು ಎಲ್ಲೋಯ್ತು?’

‘ಯಾವ ಹೆಸರು?’

‘ನೀವು ಓದುದ್ರಲ್ಲ, ಆ ಎಸ್ರು. ಮೇಡಮ್ಮೋರು ಎರಡ್ ಸಲ ಓದುದ್ರು, ಬಿಸ್ಲಿಗೆ ಇಡ್ದೂ ನೋಡುದ್ರು. ಇಲ್ವೇ ಇಲ್ವಂತೆ. ಮೇಕೆನೂ ಇಲ್ಲ. ಬಾಯಲ್ಲಿ ಒಂದು, ಕಾಗ್ದದಲ್ಲಿ ಒಂದಾ? ನಾನ್ ಎಬ್ಬೆಟ್ ಒತ್ತಿದ್ದು ಯಾತ್ಕೆ ಮತ್ತೆ?’

‘ಏಯ್, ಇಂಗ್ಲಿಷು ನಿನಗೆ ಕಲಿಸಿಕೊಡೋಕೆ ಕೂತಿದೀನಾ ನಾನು?’ ವರದರಾಜ ಎದ್ದು ನಿಂತ. ಅವನು ಎದ್ದರೆ ಹಳ್ಳಿಯವರು ಎರಡು ಹೆಜ್ಜೆ ಹಿಂದೆ ಹೋಗುವುದು ವಾಡಿಕೆ. ಮರಿತಾಯಮ್ಮ ಹೋಗಲಿಲ್ಲ.

‘ಕಲ್ಸ್‌ಬ್ಯಾಡಿ. ಏಳಿದ್ದ ಬರೀರಿ.’

ಕಾಯುತ್ತಿದ್ದವರಲ್ಲಿ ಒಬ್ಬ ಮುದುಕ ತನ್ನ ಹಳೇ ಅರ್ಜಿಯನ್ನು ಪೇಟದೊಳಗಿಂದ ಮೆಲ್ಲಗೆ ಹೊರಕ್ಕೆಳೆದ. ‘ಸ್ವಾಮಿ, ನಂದ್ರಲ್ಲಿ ನಿಂಗಯ್ಯ ಅವ್ನಾ? ನಿಜ ಏಳಿ.’

ಅವತ್ತು ಯಾರೂ ಬರೆಸಲಿಲ್ಲ. ಒಬ್ಬೊಬ್ಬರಾಗಿ ಬಸ್ ಸ್ಟ್ಯಾಂಡಿನ ಇನ್ನೊಬ್ಬ ಟೈಪಿಸ್ಟನ ಕಡೆಗೆ ಸರಿದುಹೋದರು. ವರದರಾಜ ಖಾಲಿ ಮಿಷನ್ನಿನ ಮುಂದೆ ಬಹಳ ಹೊತ್ತು ಕೂತಿದ್ದ. ಮರಿತಾಯಮ್ಮನೂ ಅಲ್ಲೇ ಬೇರಿನ ಮೇಲೆ ಕೂತಿದ್ದಳು. ಅವಳು ಜಾಗ ಬಿಟ್ಟು ಏಳುವ ಲಕ್ಷಣ ಕಾಣಲಿಲ್ಲ.

‘ಸೋಮವಾರ ಬಾರಮ್ಮ,’ ಅಂದ ಕೊನೆಗೆ. ‘ಪಟ್ಟಲಮ್ಮನ ಹೆಸರು ಹಾಕಿಯೇ ಕೊಡ್ತೀನಿ.’

ಮಾತು ಕೊಟ್ಟಿದ್ದಾಯಿತು, ಬರೆಯುವುದು ಹೇಗೆ? ಭಾನುವಾರ ಬೆಳಗ್ಗೆ ಬಸ್ಸಿನಲ್ಲಿ ಮದ್ದೂರಿಗೆ ಹೋಗಿ, ಅಲ್ಲಿಂದ ರೈಲು ಹತ್ತಿದ. ಮಂಡ್ಯದಲ್ಲಿ ಅವನಿಗೆ ಇಂಗ್ಲಿಷು ಕಲಿಸಿದ ವೆಂಕಟೇಶಮೂರ್ತಿ ಮೇಷ್ಟ್ರಿದ್ದರು, ರಿಟೈರಾಗಿ ಎಂಟು ವರ್ಷವಾಗಿತ್ತು. ಹನಕೆರೆ ಸ್ಟೇಷನ್ನಿನಲ್ಲಿ ರೈಲು ನಿಂತಾಗಲೂ ವರದರಾಜ ತಾನೇ ಬರೆದು ನೋಡಿದ್ದ ಅರ್ಜಿಯ ಚೀಟಿಯನ್ನು ಜೇಬಿನಿಂದ ತೆಗೆದು ಇನ್ನೊಂದು ಪದ ಹೊಡೆದುಹಾಕಿದ.

ಮೇಷ್ಟ್ರು ಕನ್ನಡಕ ಏರಿಸಿ ಚೀಟಿ ಓದಿದರು. ಓದಿ ಒಳಗೆ ಕೂಗಿದರು. ‘ಸರಸಮ್ಮ, ಎರಡು ಲೋಟ ಕಾಫಿ ಮಾಡು. ಇದು ಒಂದು ಲೋಟಕ್ಕೆ ಮುಗಿಯೋ ರೋಗ ಅಲ್ಲ.’

‘ತಪ್ಪಿದೆಯಾ ಸಾರ್?’

‘ನೋಡಿಲ್ಲಿ. ನನ್ನ ಗುಡಿಸಲು ಪಟ್ಟಲಮ್ಮನಿಗಿಂತ ಚಿಕ್ಕದು ಅಂದಿದೀಯ. ಗುಡಿಸಲನ್ನ ಗುಡಿಸಲಿನ ಪಕ್ಕ ನಿಲ್ಲಿಸಬೇಕು ಕಣಯ್ಯ, ಹೆಂಗಸಿನ ಪಕ್ಕ ಅಲ್ಲ. ಇಲ್ಲಿ ನೋಡು, ಮೋರ್ ಪೂರರ್ ಅಂತೆ. ಪಾಪ, ಒಂದು ಸಲ ಬಡವಿ ಮಾಡಿದ್ದು ಸಾಲದು ಅಂತ ಎರಡು ಸಲ ಮಾಡಿದೀಯ.’

ವರದರಾಜನ ಮುಖ ಸಿಟ್ಟಿನಿಂದ ಕೆಂಪಾಯಿತು, ಆದರೆ ಮೇಷ್ಟ್ರ ಮುಂದೆ ಏನು ಸಿಟ್ಟು ತೋರಿಸುವುದು? ಕಾಫಿ ಕುಡಿದ.

‘ನಿನಗೆ ಒಂದು ಸುಲಭದ ದಾರಿ ಹೇಳಿಕೊಡ್ತೀನಿ,’ ಅಂದರು ಮೇಷ್ಟ್ರು. ‘ಕೈಲಾಗದ ಹೋಲಿಕೇನ ಮಾಡಲೇಬೇಡ. ಮುರಿದು ಎರಡು ವಾಕ್ಯ ಮಾಡು. ಅವಳ ಹತ್ತಿರ ಏನಿದೆ, ಒಂದು ವಾಕ್ಯ. ಇವಳ ಹತ್ತಿರ ಏನಿಲ್ಲ, ಇನ್ನೊಂದು. ಜಾಸ್ತಿ ಕಮ್ಮಿ ಅನ್ನೋ ಮಾತೇ ಬೇಡ. ಓದೋನು ತಾನೇ ತೂಗಿಕೊಳ್ತಾನೆ. ಎರಡೂ ವಾಕ್ಯ ಒಂದೇ ಅಳತೇಲಿರಲಿ, ಅಷ್ಟೆ. ದೊಡ್ಡ ದೊಡ್ಡ ಇಂಗ್ಲಿಷಿನವರೂ ಮಾಡೋದು ಅದನ್ನೇ.’

ಇಷ್ಟು ಸುಲಭವಾದದ್ದು ಹದಿನಾಲ್ಕು ವರ್ಷ ತನಗೆ ಹೊಳೆಯಲಿಲ್ಲವಲ್ಲ! ವರದರಾಜ ವಾಪಸು ಬರುವಾಗ ರೈಲಿನ ಚಕ್ರದ ಸದ್ದಿಗೆ ವಾಕ್ಯಗಳನ್ನು ಜೋಡಿ ಜೋಡಿಯಾಗಿ ಹೊಂದಿಸಿಕೊಂಡು ಬಂದ.

ಸೋಮವಾರ ಮರಿತಾಯಮ್ಮನನ್ನು ಎದುರಿಗೆ ಕೂರಿಸಿಕೊಂಡು ಟೈಪು ಮಾಡಿದ. ಪಟ್ಟಲಮ್ಮ ಇರುವುದು ಒಂದು ಗುಡಿಸಲಿನ ಅರ್ಧದಲ್ಲಿ. ನಾನಿರುವುದು ಅದೇ ಗುಡಿಸಲಿನ ಇನ್ನರ್ಧದಲ್ಲಿ. ಪಟ್ಟಲಮ್ಮನಿಗೆ ಎರಡು ಮೇಕೆಗಳಿವೆ. ನನಗೆ ಯಾವ ಜಾನುವಾರೂ ಇಲ್ಲ. ಪಟ್ಟಲಮ್ಮನಿಗೆ ಒಬ್ಬ ಮಗನಿದ್ದಾನೆ. ನನಗೆ ಮಗನಿಲ್ಲ. ಈ ಕೊನೆಯ ಜೋಡಿ ಅವನ ಕಿವಿಗೆ ತೆಳ್ಳಗೆ ಕೇಳಿತು. ಮುಗಿಸುವ ಕಡೆಯೇ ಭಾರ ಕಮ್ಮಿಯಾದರೆ ಹೇಗೆ? ಹಾಳೆ ಕಿತ್ತು, ಹೊಸ ಹಾಳೆ ಹಾಕಿ, ಮತ್ತೆ ಮೊದಲಿಂದ ಬಡಿದ. ಪಟ್ಟಲಮ್ಮನಿಗೆ ದುಡಿದು ಸಂಪಾದಿಸುವ ಮಗನಿದ್ದಾನೆ. ನನಗೆ ದುಡಿದು ಹಾಕುವವರು ಯಾರೂ ಇಲ್ಲ. ಈಗ ಸರಿಹೋಯಿತು.

ಈ ಸಲ ಕಾಗದದಲ್ಲಿ ಇದ್ದದ್ದನ್ನೇ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ, ಕನ್ನಡದಲ್ಲಿ ಓದಿದ.

‘ಸಂಪಾದ್ನೆ ಏನ್ ಬಂತು ಬುದ್ಧಿ?’ ಅಂದಳು ಮರಿತಾಯಮ್ಮ. ‘ಅವ್ಳ ಮಗ ನಾಗ ಆಲೆಮನೇಲಿ ವರ್ಸಕ್ ನಾಕ್ ತಿಂಗ್ಳು ಕಬ್ಬಿನ ಸಿಪ್ಪೆ ಒಣಾಕ್ತಾನೆ. ಮಿಕ್ಕಿದ್ ದಿನ ನಮ್ಮಂಗೇ.’

‘ಅದೂ ಸಂಪಾದನೇನೇ ಅಮ್ಮ. ವಾಕ್ಯ ಚೆನ್ನಾಗಿ ಕೂತಿದೆ. ಇನ್ನು ಅದನ್ನ ಕದಲಿಸೋಕೆ ಆಗಲ್ಲ.’

‘ಸರಿ ಬುಡಿ. ನಿಮ್ಗೆ ಗೊತ್ತಿರ್ತದೆ.’ ಪಟ್ಟಲಮ್ಮನ ಹೆಸರು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಹೇಳಿದಳು. ತೋರಿಸಿದ. ಆ ಕರಿ ಅಕ್ಷರಗಳನ್ನು ಹತ್ತಿರದಿಂದ ನೋಡಿ ಹೆಬ್ಬೆಟ್ಟು ಒತ್ತಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ವರದರಾಜ ಆ ಮೂರು ಜೋಡಿಗಳನ್ನು ಆಂಡಾಳಿಗೆ ಇಂಗ್ಲಿಷಿನಲ್ಲೇ ಹೇಳಿದ. ಅವಳಿಗೆ ಅರ್ಥವಾಗಲಿಲ್ಲ. ‘ಏನೋ ತಾಳ ಹಾಕಿದ ಹಾಗಿದೆ’ ಅಂದಳು. ಅವನಿಗೆ ಅಷ್ಟೇ ಬೇಕಾಗಿತ್ತು. ಎಷ್ಟೋ ವರ್ಷಗಳ ಮೇಲೆ ಅವತ್ತು ಹುಳಿಗೆ ಉಪ್ಪು ಸಾಲದು ಅಂತ ಕೂಗಾಡಲಿಲ್ಲ.

ಆ ಅರ್ಜಿಯನ್ನು ಸಾಹೇಬರು ನಿಜವಾಗಿಯೂ ಓದಿದರು. ಓದಲು ಅಷ್ಟು ಸಲೀಸಾಗಿತ್ತು. ಹದಿನೆಂಟನೇ ದಿನ ಆ ಊರಿಗೆ ಜೀಪು ಬಂತು. ಜೀಪಿನಿಂದ ಇಳಿದ ಇನ್ಸ್‌ಪೆಕ್ಟರು ಮರಿತಾಯಮ್ಮನನ್ನು ಏನೂ ಕೇಳಲಿಲ್ಲ. ಗುಡಿಸಲನ್ನು ಒಮ್ಮೆ ಸುತ್ತಿ ಬಂದು, ಮೇಕೆ ಎಣಿಸಿ, ಪಟ್ಟಲಮ್ಮನನ್ನು ಮಾತ್ರ ಕೇಳಿದ.

‘ನಿನ್ನ ಮಗ ದುಡೀತಾನೇನಮ್ಮ?’

ಊರು ಊರೇ ಸುತ್ತ ನಿಂತಿದೆ. ಅಷ್ಟು ಜನರ ಮುಂದೆ ಯಾವ ತಾಯಿ ತನ್ನ ಮಗ ಪೋಲಿ ಅಂದಾಳು? ಪಟ್ಟಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ‘ಊ ಕಣಪ್ಪ. ನನ್ ಮಗ ನಾಗಯ್ಯ ದುಡ್ದು ಆಕ್ತಾನೆ. ಯಾರ್ ಮುಂದೂ ನನ್ನ ಕೈ ಚಾಚ್ಸಿಲ್ಲ. ಬೇಕಾದ್ರೆ ಯಾರ್ನಾದ್ರೂ ಕೇಳ್ಕಳಿ.’

ಇನ್ಸ್‌ಪೆಕ್ಟರು ಬರೆದುಕೊಂಡು ಜೀಪು ಹತ್ತಿದ.

ಅಕ್ಟೋಬರಿನಲ್ಲಿ ಮೊಹರು ಬಿದ್ದ ಲಕೋಟೆ ಮರಿತಾಯಮ್ಮನಿಗೆ ಬಂತು. ಅವಳು ಅದನ್ನು ಟೀಚರ ಹತ್ತಿರ ಒಯ್ಯಲಿಲ್ಲ. ತಲೆ ಬಾಚಿ, ತೊಳೆದ ಸೀರೆ ಉಟ್ಟು, ಮೊದಲ ಬಸ್ಸಿಗೆ ಮಳವಳ್ಳಿಗೆ ಬಂದು ಲಕೋಟೆಯನ್ನು ಮಿಷನ್ನಿನ ಮೇಲಿಟ್ಟಳು. ‘ನೀವೇ ಒಡೀರಿ ಬುದ್ಧಿ. ನೀವೇ ಬರುದ್ರಿ, ನೀವೇ ಓದಿ.’

ವರದರಾಜ ಒಡೆದ. ಆರೇ ಸಾಲು. ಪಟ್ಟಲಮ್ಮನ ಮನೆಯಲ್ಲಿ ಸಂಪಾದಿಸುವ ಗಂಡಾಳಿರುವುದು ವಿಚಾರಣೆಯಿಂದ ಸಾಬೀತಾಗಿರುವುದರಿಂದ ಏಳನೇ ನಂಬರಿನ ಸೈಟಿನ ಮಂಜೂರಾತಿ ರದ್ದಾಗಿದೆ. ಅರ್ಜಿದಾರಳೂ ಅದೇ ಸೂರಿನಡಿ ಅದೇ ಕುಟುಂಬದೊಂದಿಗೆ ಇರುವುದಾಗಿ ತಾನೇ ತಿಳಿಸಿರುವುದರಿಂದ ಅವಳೂ ಅರ್ಹಳಲ್ಲ. ಸೈಟು ಸರ್ಕಾರಕ್ಕೆ ವಾಪಸು.

ಎರಡು ಸಲ ಓದಿಕೊಂಡ. ಆಮೇಲೆ ಗಟ್ಟಿಯಾಗಿ ಹೇಳಿದ, ಇದ್ದದ್ದು ಇದ್ದ ಹಾಗೆ. ಮರಿತಾಯಮ್ಮ ತನ್ನ ಪಾಲಿನ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ.

‘ಅವ್ಳ್ದು ಯಾಕ್ ಕಿತ್ಕಂಡ್ರು?’

ವರದರಾಜ ಕಾಗದವನ್ನು ಮಡಿಸಿ ಲಕೋಟೆಯೊಳಕ್ಕೆ ಹಾಕಿದ.

‘ಅವ್ಳ್ದು ಕಿತ್ಕಳಿ ಅಂದ್ನಾ ನಾನು? ಯಾವತ್ತಂದೆ? ಅವ್ಳ್ಗೆ ಕೊಟ್ಟಂಗೆ ನಂಗೂ ಕೊಡಿ ಅಂದೆ. ಅದ್ಕೇ ತಾನೇ ಅವ್ಳ ಎಸ್ರು ಬರ್ಸಿದ್ದು? ಇಂಗ್ಲೀಸ್ನಲ್ಲಿ ಅಂಗ್ ಏಳಕ್ಕೆ ಬರಕಿಲ್ವಾ?’

ಬರುತ್ತಿತ್ತು. ಬರುತ್ತಿತ್ತು, ಆದರೆ ಆ ಮಾತನ್ನು ಅವನು ಬರೆದೇ ಇರಲಿಲ್ಲ. ಅವಳಿಗೆ ಇದೆ, ನನಗಿಲ್ಲ ಅಂತ ತೂಗುವುದರಲ್ಲೇ ಹಾಳೆ ಮುಗಿದಿತ್ತು.

ಲಕೋಟೆ ಹಿಡಿದುಕೊಂಡು ನೇರ ಕಚೇರಿಯೊಳಗೆ ನುಗ್ಗಿದ. ಅಲ್ಲಿ ಸೈಟಿನ ಕಡತ ನೋಡುವ ಗುಮಾಸ್ತ ತಿರುನಾರಾಯಣ ಅವನಿಗೆ ದೂರದ ನಂಟ, ವಯಸ್ಸಿನಲ್ಲಿ ಚಿಕ್ಕವನು.

‘ತಿರು, ಇದು ತಪ್ಪು ಕಣೋ. ಮಗ ಸಂಪಾದಿಸ್ತಾನೆ ಅಂತ ಆ ಹೆಂಗಸು ಹೇಳಲಿಲ್ಲ. ನಾನೇ ಸೇರಿಸಿದ್ದು. ವರ್ಷಕ್ಕೆ ನಾಲ್ಕು ತಿಂಗಳ ಕೂಲಿ ಅದು. ಬರೆದುಕೊಡ್ತೀನಿ ಬೇಕಾದರೆ.’

ತಿರುನಾರಾಯಣ ಎದ್ದು ಬಾಗಿಲು ಅರ್ಧ ಮುಂದಕ್ಕೆ ಮಾಡಿ ಬಂದ. ‘ಏನಂತ ಬರೆದುಕೊಡ್ತೀಯ ವರದಣ್ಣ? ಅರ್ಜೀಲಿರೋದು ಸುಳ್ಳು ಅಂತಾನಾ? ಅರ್ಜಿಗೆ ಒತ್ತಿರೋ ಹೆಬ್ಬೆಟ್ಟು ಯಾರದು, ನಿಂದಾ?’

‘ಮರಿತಾಯಮ್ಮಂದು.’

‘ಹಾಂ. ಸುಳ್ಳು ಅರ್ಜಿ ಕೊಟ್ಟಳು ಅಂತ ಆಗುತ್ತೆ. ಕಾಲ ಎಂಥದು ಗೊತ್ತು ತಾನೆ? ಅವಳನ್ನ ಎತ್ತಿಕೊಂಡು ಹೋದರೆ ನೀನು ಬಿಡಿಸಿಕೊಂಡು ಬರ್ತೀಯಾ? ಜೊತೆಗೆ ಆ ಪಟ್ಟಲಮ್ಮ ತಾನಾಗೇ ಊರ ಮುಂದೆ ಹೇಳಿಕೆ ಕೊಟ್ಟಿದಾಳೆ. ಅದು ಹೇಳಿಕೆ ಕಣಣ್ಣ. ಅದನ್ನ ಅಳಿಸೋಕೆ ಸಾಹೇಬರ ಕೈಲೂ ಆಗಲ್ಲ.’

‘ಹಾಗಾದರೆ ಬರೆದವನು ಯಾರೂ ಅಲ್ಲವಾ?’

‘ಟೈಪಿಸ್ಟು ಯಾರು? ಅರ್ಜೀಲಿ ನಿನ್ನ ಹೆಸರೆಲ್ಲಿದೆ?’ ತಿರುನಾರಾಯಣ ಕಡತ ಕಟ್ಟಿ ಬೀರುವಿಗೆ ಹಾಕಿದ. ‘ಸುಮ್ಮನಿರು. ಅವಳಿಗೆ ನೀನು ಮಾಡಬಹುದಾದ ಉಪಕಾರ ಈಗ ಅದೊಂದೇ.’

ಹೊರಗೆ ಬಂದಾಗ ಮರಿತಾಯಮ್ಮ ಹೋಗಿಯಾಗಿತ್ತು.

ಆ ಊರಿಗೆ ಹೋಗಬೇಕು, ಪಟ್ಟಲಮ್ಮನ ಹತ್ತಿರ ತಪ್ಪು ತನ್ನದು ಅಂತ ಹೇಳಿಬಿಡಬೇಕು ಅಂದುಕೊಂಡೇ ವರದರಾಜ ಐದು ತಿಂಗಳು ಕಳೆದ. ಒಮ್ಮೆ ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದ. ಮರದ ಕೆಳಗೆ ಜನ ಮತ್ತೆ ಬರುತ್ತಿದ್ದರು. ಅವರ ಮೇಲೆಲ್ಲ ರೇಗಿದ. ನಿಂಗಯ್ಯ, ಬೆಳ್ಳಮ್ಮ, ಯಾರ ಹೆಸರೆತ್ತಿದರೂ ‘ನಡಿ ಆಚೆಗೆ’ ಅನ್ನುತ್ತಿದ್ದ. ಬಾಯಲ್ಲೂ ಸೇರಿಸಲಿಲ್ಲ, ಕಾಗದದಲ್ಲೂ ಸೇರಿಸಲಿಲ್ಲ. ಬರುವವರು ಅರ್ಧಕ್ಕರ್ಧ ಕಮ್ಮಿಯಾದರು. ಯುಗಾದಿಗೆ ಎಂಟು ದಿನ ಇದೆ ಅನ್ನುವಾಗ ಒಂದು ಬೆಳಗ್ಗೆ ಮಿಷನ್ನಿಗೆ ಗೋಣಿತಾಟು ಹೊದಿಸಿ ಬಸ್ಸು ಹತ್ತಿದ.

ಪೂರಿಗಾಲಿಯಿಂದ ನಡೆದು ಹೋಗುವ ದಾರಿಯಲ್ಲೇ ಗೋಮಾಳ ಸಿಕ್ಕಿತು. ಹನ್ನೊಂದು ಸೈಟಿನಲ್ಲಿ ಗೋಡೆಗಳು ಎದ್ದಿದ್ದವು. ಏಳನೆಯದರಲ್ಲಿ ಯಾರೋ ಹುರುಳಿ ಸೊಪ್ಪು ಒಣಹಾಕಿದ್ದರು. ಊರೊಳಗೆ ಗುಡಿಸಲು ಇನ್ನೂ ನಿಂತಿತ್ತು. ಅದರ ಮಗ್ಗುಲಲ್ಲಿ ಗೌಡರ ಆಳುಗಳು ಆಲೆಮನೆಯ ಒಲೆಗೆ ಗುಂಡಿ ತೆಗೆಯುತ್ತಿದ್ದರು. ಇಣುಕಿ ನೋಡಿದರೆ, ಎದೆಮಟ್ಟಕ್ಕಿದ್ದ ನಡುಗೋಡೆಯನ್ನು ಪಟ್ಟಲಮ್ಮ ಸೂರು ಮುಟ್ಟುವವರೆಗೆ ಏರಿಸಿದ್ದಳು. ಎಂಟು ದಿನದಲ್ಲಿ ಕೆಡವುವ ಗುಡಿಸಲಿಗೆ ಗೋಡೆ! ಮಣ್ಣು ಇನ್ನೂ ಹಸಿಯಾಗಿತ್ತು.

ಪಟ್ಟಲಮ್ಮ ಹೊರಗೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಅವನ ನಾಮ ನೋಡಿ ಎದ್ದು ನಿಂತಳು.

‘ಪಟ್ಟಲಮ್ಮ ಅಂದರೆ ನೀನೇನಮ್ಮ? ನಾನು ಮಳವಳ್ಳಿ ಟೈಪಿಸ್ಟು. ಮರಿತಾಯಮ್ಮನ ಅರ್ಜಿ ಬರೆದವನು.’

‘ಓ.’ ಅವಳು ಮತ್ತೆ ಕೂತಳು. ಮೊರ ಕೈಗೆ ತಗೊಂಡಳು. ‘ಇನ್ನೇನ್ ಬರುಕೊಂಡ್ ಓಗಕ್ ಬಂದ್ರಿ? ಮೇಕೆನೂ ಮಾರಾಯ್ತು.’

‘ಕೇಳಮ್ಮ. ನಿನ್ನ ಮಗ ಸಂಪಾದಿಸ್ತಾನೆ ಅಂತ ಬರೆದದ್ದು ನಾನು. ಅವಳು ಹೇಳಿದ್ದಲ್ಲ. ನಾಲ್ಕೇ ತಿಂಗಳ ಕೂಲಿ ಅಂತ ಅವಳು ಹೇಳಿದಳು, ನಾನು ಕೇಳಲಿಲ್ಲ. ತಪ್ಪು ನಂದು.’

‘ಊ.’

‘ನಿಜ ಹೇಳ್ತಿದೀನಿ.’

‘ಯಾತ್ಕೆ ಬರುದ್ರಿ?’

ಅದಕ್ಕೆ ಅವನು ಏನು ಹೇಳಬೇಕು? ವಾಕ್ಯ ತೆಳ್ಳಗಿತ್ತು ಅಂತಲೇ? ಪಟ್ಟಲಮ್ಮ ಮತ್ತೆ ರಾಗಿ ಕೇರತೊಡಗಿದಳು.

‘ನೋಡಿ ಸ್ವಾಮಿ, ನೀವು ಬರ್ಯೋ ಕಸುಬ್ನೋರು. ಏಳಿದ್ದ ಬರೀತೀರಿ. ನನ್ ಮಗ್ನ ಮುಖ ನೀವ್ ಕಂಡಿದ್ದೀರಾ? ಇಲ್ಲ. ಮತ್ ಅವ್ನ ಸುದ್ದಿ ನಿಮ್ ಬಾಯಿಗೆ ಎಂಗ್ ಬಂತು? ಅವ್ಳೇ ಏಳಿರ್ಬೇಕು. ಈಗ ಯುಗಾದಿ ಅತ್ರ ಬಂತು, ಎಲ್ಲೋಗದು ಅಂತ ಎದ್ರಿಕೆ ಆಗ್ಬುಟ್ಟದೆ ಅವ್ಳ್ಗೆ. ನನ್ ಮಗನ್ ಜೊತೆ ಮದ್ದೂರ್ ಕಡೆ ಓಯ್ತೀನಿ ಅಂತ ಗೊತ್ತಾಗ್ಬುಟ್ಟದೆ. ಅದ್ಕೆ ನಿಮ್ಮ ಕಳ್ಸವ್ಳೆ, ರಾಜಿ ಮಾಡ್ಸಕ್ಕೆ.’

‘ಅವಳಿಗೆ ನಾನು ಬಂದದ್ದೇ ಗೊತ್ತಿಲ್ಲ!’ ವರದರಾಜನ ಗಂಟಲು ಏರಿತು. ‘ನನ್ನ ತಪ್ಪು ಅಂತ ನಾನೇ ಹೇಳ್ತಿದ್ದರೆ ನಿನಗೇನು ಕಷ್ಟ?’

‘ಕೂಗ್ಬ್ಯಾಡಿ. ನಮ್ ಅಟ್ಟೀಲಿ ಬಂದು ಕೂಗೋರು ಬೇಕಾದಷ್ಟು ಜನ ಅವ್ರೆ.’

ಗುಂಡಿ ತೆಗೆಯುತ್ತಿದ್ದ ಆಳುಗಳು ಗುದ್ದಲಿ ನಿಲ್ಲಿಸಿ ನೋಡಿದರು. ವರದರಾಜ ತಿರುಗಿ ನಡೆದ.

ಗುಡಿಸಲಿನ ಇನ್ನೊಂದು ಬಾಗಿಲಲ್ಲಿ ಮರಿತಾಯಮ್ಮ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಲ್ಲಿ ಮಾತಾಡಿಸಲಿಲ್ಲ. ಅವನ ಹಿಂದೆಯೇ ದೂರ ದೂರದಲ್ಲಿ ನಡೆದು ಬಂದು, ಊರು ಮರೆಯಾದ ಮೇಲೆ ಕರೆದಳು.

‘ಬುದ್ಧಿ.’

ಅವನು ನಿಂತ. ‘ನೀನೆಲ್ಲಿಗೆ ಹೋಗ್ತೀಯಮ್ಮ, ಯುಗಾದಿ ಆದಮೇಲೆ?’

‘ಗೌಡರ ಕೊಟ್ಟಿಗೆ ಜಗಲಿ ಅದೆ. ಮಳೆಗಾಲದ ಗಂಟ ಇರು ಅಂದವ್ರೆ, ದನದ್ ಕೆಲ್ಸ ಮಾಡ್ಕಂಡು. ಆಮೇಕ್ ಗೊತ್ತಿಲ್ಲ.’

‘ಇನ್ನೊಂದು ಅರ್ಜಿ ಬರೆಯೋಣ. ಮಂಡ್ಯಕ್ಕೇ ಕಳಿಸೋಣ. ನಿನ್ನ ಹಾಗೇ ಅವಳೂ ಬಡವಿ, ಇಬ್ಬರಿಗೂ ಕೊಡಿ ಅಂತ. ದುಡ್ಡು ಬೇಡ. ನಾನೇ ತಗೊಂಡು ಹೋಗಿ ಕೊಟ್ಟು ಬರ್ತೀನಿ.’

ಅವಳು ಬೇಡ ಅನ್ನುವಂತೆ ಕೈಯಾಡಿಸಿದಳು. ಅದರಲ್ಲಿ ಕೋಪವಿರಲಿಲ್ಲ.

‘ಇನ್ ಬರ್ಬ್ಯಾಡಿ ಬುದ್ಧಿ ನೀವು. ಮೊನ್ನೆ ನೀರಿಗ್ ಓದಾಗ ಒಂದ್ ಮಾತ್ ಆಡುದ್ಲು ಅವ್ಳು, ಆರ್ ತಿಂಗ್ಳ ಮೇಲೆ. ಬಿಂದ್ಗೆ ಸರ್ಸು ಅಂತ. ಇವತ್ ನೀವ್ ಬಂದ್ರಿ. ಇನ್ ಅದೂ ಇಲ್ಲ.’

ಅಷ್ಟು ಹೇಳಿ ಅವಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋದಳು. ವರದರಾಜ ಪೂರಿಗಾಲಿಯ ರಸ್ತೆಗೆ ಬಂದು ಬಿಸಿಲಲ್ಲಿ ಬಸ್ಸಿಗೆ ಕಾದ. ಮೊದಲ ಬಸ್ಸು ನಿಲ್ಲಿಸಲಿಲ್ಲ. ಎರಡನೆಯದರಲ್ಲಿ ಕೂರಲು ಜಾಗವಿರಲಿಲ್ಲ, ಮಳವಳ್ಳಿಯವರೆಗೂ ಕಂಬಿ ಹಿಡಿದು ನಿಂತೇ ಬಂದ.